ತಾರೀಖಿಗೆಂದು ತೆಗೆದ ಹಿತ್ತಿಲ ಬಾಗಿಲು

ಆಂಧ್ರದಲ್ಲಿ ಒನ್ ಟೌನ್ ಅಂದರೆ ಒಂದಲ್ಲ, ಎರಡಾದರೂ ಇವೆ. ವಿಶಾಖಪಟ್ಟಣದ್ದು ಕುರುಪಾಂ ಮಾರ್ಕೆಟ್ಟಿನ ಹಳೇ ಪೇಟೆ, ವಿಜಯವಾಡದ್ದು ಕನಕದುರ್ಗೆಯ ಬೆಟ್ಟದ ಬುಡದ ಹಳೇ ಪೇಟೆ. ಆಟೋದವನಿಗೆ ಇದರಲ್ಲಿ ಗೊಂದಲವಿಲ್ಲ, ತಾನು ಯಾವ ಊರಲ್ಲಿದ್ದೇನೆಂದು ಅವನಿಗೆ ಗೊತ್ತು. ಕಡತದಿಂದ ಬೇಕಾದದ್ದನ್ನು ಹೆಕ್ಕಿಕೊಡುವ ಭಾಷೆಯಾದ ಎಕ್ಸ್‌ಪಾತ್‌ಗೆ ಗೊತ್ತಿಲ್ಲ. ಎರಡು ಓರೆಗೆರೆ ಎಳೆದು 'ಒನ್-ಟೌನ್' ಎಂದರೆ ಎಕ್ಸ್‌ಎಂಎಲ್ ಕಡತದಲ್ಲಿರುವ ಎರಡನ್ನೂ ಬಾಚಿಕೊಡುತ್ತದೆ. ಹೆಸರು ಅಕ್ಷರದಲ್ಲಿ ಬೇಕು ಎಂದರೆ 1.0 ಆವೃತ್ತಿ ಮೊದಲು ಸಿಕ್ಕಿದ್ದನ್ನು ಕೊಟ್ಟು, ಇನ್ನೊಂದರ ಸುದ್ದಿಯನ್ನೇ ಎತ್ತುವುದಿಲ್ಲ. ಕಡತದಲ್ಲಿ ವಿಶಾಖ ಮೇಲಿದ್ದರೆ, ಬಳ್ಳಾರಿಯಿಂದ ವಿಜಯವಾಡಕ್ಕೆ ಹೊರಟ ಜೀನ್ಸ್ ಮೂಟೆ ಕಡಲು ನೋಡಿಕೊಂಡು ಬರುತ್ತದೆ.

ಹೋಗಲಿ, ಆ ಮೂಟೆಯ ಬಿಲ್ಲಿಗೆ ಇವತ್ತಿನ ತಾರೀಖಾದರೂ ಹಾಕಪ್ಪ ಎಂದರೆ ಕೈಯೆತ್ತುತ್ತದೆ. 1999ರ ನವೆಂಬರ್ 16ರಂದು ವೆಬ್ಬಿನ ಮಾನಕ ಗೊತ್ತುಮಾಡುವ ಡಬ್ಲ್ಯೂ ತ್ರೀ ಸಿ ಮುದ್ರೆ ಒತ್ತಿದಾಗ ಇದರ ಜೋಳಿಗೆಯಲ್ಲಿದ್ದದ್ದು 27 ಫಂಕ್ಷನ್. ತಾರೀಖಿನದು ಒಂದೂ ಇಲ್ಲ. ಇದ್ದವಕ್ಕೂ ಕನ್ನಡ ಒಗ್ಗುವುದಿಲ್ಲ. 'ಸ್ತ್ರೀ' ಎಂಬ ಒಂದಕ್ಷರ ಕೊಟ್ಟು ಉದ್ದ ಕೇಳಿ, ಆರು ಎನ್ನುತ್ತದೆ: ಸ, ಹಲಂತ, ತ, ಹಲಂತ, ರ, ಈಕಾರ. '೧೨' ಕೊಟ್ಟರೆ ಇದು ಸಂಖ್ಯೆಯೇ ಅಲ್ಲ ಎಂಬ ತೀರ್ಪು.

ಹೀಗಾಗಿ ಈ ಭಾಷೆಯನ್ನು ಓಡಿಸುವ ತಂತ್ರಾಂಶ ಬರೆದವರು ಹಿತ್ತಿಲ ಬಾಗಿಲು ತೆಗೆದರು. ಹೆಸರು ಎಕ್ಸ್‌ಟೆನ್ಷನ್ ಫಂಕ್ಷನ್. ನಿನಗೆ ಬಾರದ್ದನ್ನು ಜಾವಾ ಲೈಬ್ರರಿಯಿಂದ ಕರೆಸಿಕೊ ಅಂತ. ಅಂಥ ತಂತ್ರಾಂಶಗಳಲ್ಲೊಂದಾದ ಅಪಾಚೆಯ ಕ್ಸಲಾನ್‌ನಲ್ಲಿ ನೇಮ್‌ಸ್ಪೇಸಿಗೆ ಜಾವಾದ ಹೆಸರು ಕಟ್ಟಿದರೆ ಸಾಕು, ತಾರೀಖಿನ ಕ್ಲಾಸು ಓಡಿಬಂತು. ಅದರ ಬೆನ್ನಿಗೇ ರನ್‌ಟೈಮ್ ಕ್ಲಾಸೂ ನುಸುಳಿತು. ಅದೇನು ಸಾಮಾನ್ಯದ್ದಲ್ಲ, ಸರ್ವರಿನ ಮೇಲೆ ಯಾವ ಕಮಾಂಡ್ ಬೇಕಾದರೂ ಓಡಿಸಬಲ್ಲದು. ತಾರೀಖು ಕೇಳೋಣವೆಂದು ಕರೆದ ನೆಂಟ ಬೀರುವಿನ ಬೀಗದಕೈ ಹಿಡಿದು ನಿಂತ. ಆಮೇಲೆ ಜಾವಾದವರೇ 'ಸೆಕ್ಯೂರ್ ಪ್ರೊಸೆಸಿಂಗ್' ಎಂಬ ಚಿಲಕ ಜಡಿದರು. ಚಿಲಕ ಬಿತ್ತು, ತಾರೀಖೂ ಹೋಯಿತು.

ಅಂಥದೇ ಇನ್ನೊಂದು ತಂತ್ರಾಂಶ ಸ್ಯಾಕ್ಸನ್ ಜಾಣ. ಅದರ ಬಿಟ್ಟಿ ಆವೃತ್ತಿಯಲ್ಲಿ 9.2ರಿಂದೀಚೆಗೆ ಜಾವಾವನ್ನು ಹೀಗೆ ಹೆಸರು ಹಿಡಿದು ಕರೆಯುವಂತಿಲ್ಲ. ಫಂಕ್ಷನ್ನನ್ನು ನೀವೇ ಬರೆದು, ನೋಂದಾಯಿಸಿ, ಮುಂಬಾಗಿಲಿಂದ ತರಬೇಕು. ಬೈಯುವವರು ಬೈಯಲಿ, ನನಗೆ ಇದೇ ಸರಿ ಅನಿಸುತ್ತದೆ. ಹಾಗೆ ಕರೆಯಲೇಬೇಕೆನ್ನುವವರಿಗೆ ಕಾಸಿನ ಆವೃತ್ತಿ ಇದ್ದೇ ಇದೆ.

ಅಂತೂ 2007ರ ಜನವರಿಯಲ್ಲಿ ಬಂದ 2.0 ಆವೃತ್ತಿ ತಾರೀಖು ಹೇಳಲು ತಾನೇ ಕಲಿತುಕೊಂಡಿತು. ಜಾವಾದ ಜೊತೆಗೇ ಬರುವ ಎಕ್ಸ್‌ಪಾತ್ ಮಾತ್ರ ಇವತ್ತಿಗೂ 1.0.