ನಿಲ್ಲಿಸುವ ಖರ್ಚು

ಕೊಯಮತ್ತೂರಿನಲ್ಲಿ ಎಂಜಿನಿಯರ್ ಆಗಲು ಕಾಲೇಜಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಪಂಪು, ಮೋಟಾರು, ವೆಟ್ ಗ್ರೈಂಡರು, ಎರಕದ ಕಾರ್ಖಾನೆಗಳ ನಡುವೆ ಬೆಳೆದವನಿಗೆ ಎಲ್ಲ ಯಂತ್ರದ ಮೇಲೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಹೀಗಾಗಿ, ಅಕ್ಕನ ಮಗನ ಬೊಲೆರೊ ಪಿಕಪ್‌ಗೆ ಬ್ರೇಕ್ ಪ್ಯಾಡೂ ಡಿಸ್ಕೂ ಬದಲಾಯಿಸಬೇಕು ಎಂದು ನಾನು ಬಾಯಿ ಬಿಟ್ಟ ಸಂಜೆಯೇ ಮನೆಯಂಗಳದಲ್ಲಿ ಒಂದು ವಿಚಾರ ಸಂಕಿರಣ ಶುರುವಾಯಿತು. ಅಧ್ಯಕ್ಷತೆ ಭಾವನದು. ಅವರಿಗೆ ಸ್ವಂತ ಸೈಕಲ್ಲೂ ಇಲ್ಲ.

ನಾವು ಸಿರುಮುಗೈ ಕಡೆಯ ದೇವಾಂಗದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಬ್ರೇಕ್ ಹಿಡಿಯದಿದ್ದರೆ ಎರಡೂ. ಹಿರಿಯರು ಮಗ್ಗ ನಂಬಿ ಬದುಕಿದರು, ಹುಡುಗ ಚಕ್ರ ನಂಬಿದ. ತಿರುಪ್ಪೂರಿನಿಂದ ಬನಿಯನ್ ಬಟ್ಟೆಯ ಬಂಡಲು, ಅದಿಲ್ಲದ ದಿನ ಪೊಳ್ಳಾಚಿಯ ತೆಂಗಿನಕಾಯಿ, ಕರೆ ಬಂದರೆ ವಾಲ್ಪಾರೈಗೆ ದಿನಸಿ. ಗಾಡಿ ಕೊಂಡಾಗ ಮುಂದಿನ ಗಾಜಿನ ಮೇಲೆ ‘ಶ್ರೀ ಚೌಡೇಶ್ವರಿ ಅಮ್ಮನ್ ತುಣೈ’ ಎಂದು ಬಣ್ಣದ ಅಕ್ಷರ ಬರೆಸಿದ. ಎರಡು ಏರ್ ಹಾರ್ನ್, ಕನ್ನಡಿಗೆ ಕುಚ್ಚು, ಕ್ಯಾಬಿನ್ನಿನಲ್ಲಿ ನೀಲಿ ದೀಪ. ಇಷ್ಟಕ್ಕೂ ಅವನು ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಅದೇ ಹುಡುಗ ಪ್ಯಾಡಿನ ಬೆಲೆ ಕೇಳಿ ಎದೆ ಹಿಡಿದುಕೊಂಡ. ಓಡುವುದಕ್ಕೆ, ಮೆರೆಯುವುದಕ್ಕೆ, ದಾರಿಯವರನ್ನು ಬೆಚ್ಚಿಬೀಳಿಸುವುದಕ್ಕೆ ನಮ್ಮಲ್ಲಿ ದುಡ್ಡಿದೆ. ನಿಲ್ಲುವುದಕ್ಕೆ ಮಾತ್ರ ಡಿಸ್ಕೌಂಟ್ ಬೇಕು.

ಗಾಡಿ ಪಾಪ, ಮುಂಚೆಯೇ ಹೇಳಿತ್ತು. ಹಲವು ಪ್ಯಾಡುಗಳ ಪಕ್ಕದಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ. ಪ್ಯಾಡು ಸವೆದು ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ತೆಗೆಯುತ್ತದೆ. ಆ ದನಿ ಕೇಳಿಸಿದ ಕೂಡಲೇ ಹುಡುಗ ಮಾಡಿದ ರಿಪೇರಿ ಎಂದರೆ ಇಳಯರಾಜಾ ಹಾಡಿನ ವಾಲ್ಯೂಮ್ ಏರಿಸಿದ್ದು.

ಮೆಕ್ಯಾನಿಕ್ ಅಣ್ಣನದು ಮಾತು ಕಡಿಮೆ. ಮುಂದಿನ ಚಕ್ರ ಬಿಚ್ಚಿ, ಡಿಸ್ಕಿನ ನಡುಭಾಗದ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದ. ಕೆಳಗೆ ಎರಕದಲ್ಲೇ ಮೂಡಿದ ಅಕ್ಷರ ಕಂಡಿತು: ಇದಕ್ಕಿಂತ ತೆಳ್ಳಗಾದರೆ ಬಳಸಬೇಡಿ ಎಂಬ ಕನಿಷ್ಠ ದಪ್ಪದ ಅಂಕಿ. ಜೇಬಿನಿಂದ ವರ್ನಿಯರ್ ತೆಗೆದ. (ಬೇರೆ ಊರಿನಲ್ಲಿ ಜೇಬಿನಲ್ಲಿ ಪೆನ್ನಿರುತ್ತದೆ, ಇಲ್ಲಿ ವರ್ನಿಯರ್.) ಅಂಚಿನಲ್ಲಿ ಸವೆಯದೆ ಉಳಿದ ದಿಂಡಿನ ಮೇಲೆ ಅಳೆದರೆ ಡಿಸ್ಕು ಇನ್ನೂ ಗಟ್ಟಿ ಎಂದು ತೋರುತ್ತದೆ, ಅವನು ಅದನ್ನು ಬಿಟ್ಟು ಪ್ಯಾಡು ಉಜ್ಜುವ ಜಾಗದಲ್ಲಿ ಅಳೆದ. ಅಳತೆ ಆ ಅಂಕಿಗಿಂತ ಕೆಳಗಿತ್ತು. ಪಕ್ಕದ ಮನೆಯವರು ಲೇತ್ ಇಟ್ಟುಕೊಂಡು ಗ್ರೈಂಡರ್ ಶಾಫ್ಟ್ ಮಾಡುವವರು. “ನಾನು ಒಂದು ಸುತ್ತು ಸವರಿಸಿ ಕೊಡುತ್ತೇನೆ, ಹೊಸದರಂತೆ ಆಗುತ್ತದೆ, ಕಾಸೂ ಬೇಡ” ಎಂದರು. ಪ್ರೀತಿ ದೊಡ್ಡದು, ಆದರೆ ದಪ್ಪ ಉಳಿದಿದ್ದರೆ ತಾನೇ ಸವರುವುದು? ಆಗಲೇ ತೆಳ್ಳಗಾದ ಡಿಸ್ಕು ಶಾಖ ತಡೆಯದು, ಬಾಗುತ್ತದೆ, ಬಿರಿಯುತ್ತದೆ.

ಹೊಸ ಡಿಸ್ಕಿನ ವಿಷಯದಲ್ಲಿ ಹುಡುಗನಿಗೆ ಬೇರೆಯೇ ಆಸೆ. ಚೆಟ್ಟಿಪಾಳಯಂನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ರೇಸು ನೋಡಿ ಬಂದವನು. ತೂತು ಕೊರೆದ ಡಿಸ್ಕೇ ಬೇಕೆಂದ. ಮೆಕ್ಯಾನಿಕ್ ತಲೆ ಎತ್ತದೆ, “ತೂತು ಇಡ್ಲಿ ತಟ್ಟೆಗೆ ಚೆಂದ ತಂಬಿ” ಎಂದ. ಭಾರ ಹೊತ್ತು ಘಾಟಿ ಇಳಿಯುವ ಗಾಡಿಗೆ ಆ ತೂತಿನ ಅಂಚುಗಳಿಂದಲೇ ಬಿರುಕು ಹೊರಡಬಹುದು. ಸಾದಾ ಬೀಡುಕಬ್ಬಿಣದ ಡಿಸ್ಕೇ ಸರಿ. ಅದರೊಳಗಿನ ಗ್ರಾಫೈಟ್ ಪದರಗಳು ಶಾಖ ಹರಡುತ್ತವೆ, ಸದ್ದನ್ನೂ ನುಂಗುತ್ತವೆ.

ಪ್ಯಾಡಿಗೆ ಡಾ. ನಂಜಪ್ಪ ರಸ್ತೆಯ ಅಂಗಡಿಗೆ ಹೋದೆವು. “ಸೊಲ್ಲುಂಗಣ್ಣಾ” ಎಂದ ಕೌಂಟರಿನ ಹುಡುಗ ಗಾಡಿ ಯಾವ ವರ್ಷದ್ದು, ಎಷ್ಟು ಲೋಡು, ಘಾಟಿ ಉಂಟೋ ಇಲ್ಲವೋ ಎಂದು ವಿಚಾರಿಸಿ, ಮೂರು ಡಬ್ಬಿ ಮುಂದಿಟ್ಟ. ಒಂದು ಗಾಡಿ ಕಂಪನಿಯ ಹೆಸರಿನದು, ಒಂದು ಚೆನ್ನೈ ಕಡೆಯದು, ಮೂರನೆಯದು ಯಾರದೆಂದು ಡಬ್ಬಿಗೂ ಗೊತ್ತಿರಲಿಲ್ಲ. ಭಾವನ ಕೈ ಸೀದಾ ಮೂರನೆಯದಕ್ಕೆ ಹೋಯಿತು. ಚೆನ್ನೈನ ಪಾಡಿಯಲ್ಲಿ 1962ರಿಂದ ಬ್ರೇಕ್ಸ್ ಇಂಡಿಯಾ ಇದೆ, ಅದೇ ಪಾಡಿಯಲ್ಲಿ ಸುಂದರಂ ಬ್ರೇಕ್ ಲೈನಿಂಗ್ಸ್ ಇದೆ. ನಮ್ಮ ರಾಜ್ಯದಲ್ಲೇ ಇಂಥ ಕಸುಬಿರುವಾಗ ಹೆಸರಿಲ್ಲದ ಡಬ್ಬಿಗೆ ಕೈ ಚಾಚುವುದು ನಮ್ಮವರಿಗೇ ಸಾಧ್ಯ.

ಪ್ಯಾಡಿನಲ್ಲೂ ಬಗೆಗಳಿವೆ. ಸೆರಾಮಿಕ್ ಪ್ಯಾಡಿಗೆ ಸದ್ದಿಲ್ಲ, ಚಕ್ರಕ್ಕೆ ಕಪ್ಪು ಪುಡಿ ಮೆತ್ತುವುದೂ ಕಡಿಮೆ. ಪೇಟೆಯಲ್ಲಿ ಓಡುವ ಕಾರಿಗೆ ಚೆನ್ನ. ಸೆಮಿ ಮೆಟಾಲಿಕ್ ಸ್ವಲ್ಪ ಗೊಣಗುತ್ತದೆ, ಡಿಸ್ಕನ್ನು ಹೆಚ್ಚು ತಿನ್ನುತ್ತದೆ, ಆದರೆ ಬಿಸಿಗೆ ಜಗ್ಗುವುದಿಲ್ಲ. ಆಳಿಯಾರಿನಿಂದ ವಾಲ್ಪಾರೈಗೆ 40 ಹೇರ್‌ಪಿನ್ ತಿರುವು. ಮೂರು ಟನ್ ತೂಗುವ ಗಾಡಿ 700 ಮೀಟರ್ ಎತ್ತರದಿಂದ ಇಳಿಯುವಾಗ ಹೊರಬರುವ ಶಕ್ತಿಯೆಲ್ಲ ಶಾಖವಾದರೆ ಸುಮಾರು 70 ಲೀಟರ್ ತಣ್ಣೀರು ಕುದಿಯುತ್ತದೆ. ಇದರಲ್ಲಿ ಒಂದು ಪಾಲನ್ನು ಎಂಜಿನ್ ಹೊರಬೇಕು, ಅಂದರೆ ಹತ್ತುವ ಗಿಯರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿಗೆ ಹಾಕುವ ಜಾಣರು ಅಷ್ಟನ್ನೂ ಬ್ರೇಕಿನ ತಲೆಗೆ ಕಟ್ಟುತ್ತಾರೆ. ಆಗ ಪ್ಯಾಡು ಹಿಡಿತ ಬಿಡುತ್ತದೆ. ಹಳೆಯ ಬ್ರೇಕ್ ಆಯಿಲ್ಲಿನಲ್ಲಿ ನೀರಿನಂಶ ಸೇರಿದ್ದರೆ ಅದೂ ಕುದ್ದು, ಪೆಡಲು ನೆಲಕ್ಕಿಳಿಯುತ್ತದೆ. ಚಾಮರಾಜನಗರದ ನೆಂಟರ ಮನೆಗೆ ದಿಂಬಂ ಘಾಟಿಯ 27 ತಿರುವು ದಾಟಿ ಹೋಗುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಭಾವನಿಗೆ ಹೇಳಬೇಕಾಯಿತು.

ಕೊನೆಗೆ ಚೆನ್ನೈ ಕಡೆಯ ಸೆಮಿ ಮೆಟಾಲಿಕ್ ಪ್ಯಾಡು, ಎರಡೂ ಮುಂಚಕ್ರಕ್ಕೆ ಸಾದಾ ಡಿಸ್ಕು, ಹೊಸ ಆಯಿಲ್ ಎಂದು ತೀರ್ಮಾನವಾಯಿತು. “ಒಂದು ಪಕ್ಕದ್ದು ಮಾತ್ರ ಬದಲಾಯಿಸಿದರೆ ಅರ್ಧ ದುಡ್ಡು ಉಳಿಯುತ್ತಲ್ಲ ಮಾವ?” ಎಂದು ಹುಡುಗ ಕೇಳಿದ. ಉಳಿಯುತ್ತದೆ, ಬ್ರೇಕ್ ಒತ್ತಿದಾಗ ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ ಅಷ್ಟೆ.

ನೀವೂ ಪಿಕಪ್ ಇಟ್ಟವರಾದರೆ ಬಿಲ್ಲು ಕೇಳಿ ಪಡೆಯಿರಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಸವರಿದ ಎಣ್ಣೆಯನ್ನು ಪೂರ್ತಿ ಒರೆಸಿಯೇ ಕೂರಿಸಲು ಹೇಳಿ. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಕೆಲವು ದಿನ ಸಮತಟ್ಟು ರಸ್ತೆಯಲ್ಲೇ, ಕಡಿಮೆ ಭಾರ ಹಾಕಿ, ಮೆಲ್ಲಗೆ ಬ್ರೇಕ್ ಒತ್ತುತ್ತ ಓಡಿಸಿ. ಏರ್ ಹಾರ್ನನ್ನು ಮುಂದಿನ ವರ್ಷ ಹಾಕಿಸಿದರೂ ನಡೆಯುತ್ತದೆ.