ಪರ್ಸೆಂಟ್ ಭಾವ

ಸೂಪರ್ ಮಾರ್ಕೆಟ್ಟಿನಲ್ಲಿ ದಾರಿಗೆ ಅಡ್ಡವಾಗಿ ಗಾಡಿ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಬಿಸ್ಕತ್ತಿನ ಪೊಟ್ಟಣವನ್ನು ಮೂಗಿನ ತುದಿಗೆ ಹಿಡಿದು ನಿಂತವರನ್ನು ನೀವು ಕಂಡಿರುತ್ತೀರಿ. ವಾಸನೆ ನೋಡುತ್ತಿರುವುದಿಲ್ಲ, ಓದುತ್ತಿರುತ್ತಾರೆ. ಅಂಥವರನ್ನು ಬಳಸಿಕೊಂಡು ಮುಂದೆ ಹೋಗುವ ಭಾಗ್ಯ ನಿಮಗಿದೆ. ನನಗಿಲ್ಲ, ನನ್ನ ಪಾಲಿಗೆ ಬಂದವರು ನನ್ನ ಷಡ್ಡಕ.

ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಬಡ್ಡಿಯ ಲೆಕ್ಕ ಕೈಬಿಟ್ಟ ಮೇಲೆ ಅವರಿಗೆ ಉಳಿದ ಪರ್ಸೆಂಟು ಪೊಟ್ಟಣದ ಮೇಲಿನದೊಂದೇ. ದಿನಕ್ಕೆ 2000 ಕ್ಯಾಲರಿ, 67 ಗ್ರಾಂ ಕೊಬ್ಬು, ಮೇಲಿಂದ ಸೇರಿಸಿದ ಸಕ್ಕರೆ 50 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ. ಆಹಾರ ಸುರಕ್ಷತಾ ಪ್ರಾಧಿಕಾರ 2020ರ ಲೇಬಲ್ ನಿಯಮದಲ್ಲಿ ಇಟ್ಟಿರುವ ಈ ಅಂಕಿಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ.

ಮೊನ್ನೆ ನಾನು ಗಾಡಿಗೆ ಹಾಕಿದ ಖಾರಾ ಮಿಕ್ಸ್ಚರ್ ಪೊಟ್ಟಣವನ್ನು ಅವರು ಎತ್ತಿಕೊಂಡರು.

"ಸೋಡಿಯಂ ಬರೀ 12 ಪರ್ಸೆಂಟ್ ಅಲ್ವಾ ಭಾವ," ಎಂದೆ. ಸುಮ್ಮನಿರಬೇಕಿತ್ತು.

"ಎಷ್ಟು ತಿಂದರೆ 12? ನೂರು ಗ್ರಾಮಿನಲ್ಲಿ 800 ಮಿಲಿಗ್ರಾಂ ಇದೆ. ಒಂದು ಸರ್ವಿಂಗ್ ಅಂದ್ರೆ 30 ಗ್ರಾಂ, ಅಲ್ಲಿಗೆ 240. ಎರಡು ಸಾವಿರದಲ್ಲಿ ಅದು 12 ಪರ್ಸೆಂಟು, ಸರಿ. ಆದ್ರೆ ಪೊಟ್ಟಣ 150 ಗ್ರಾಮಿಂದು ಕಣ್ರೀ! ಐದು ಜನ ಹಂಚ್ಕೊಂಡು ತಿನ್ನೋದು. ಮ್ಯಾಚ್ ಹಾಕ್ಕೊಂಡು ಕೂತ್ರೆ ನೀವು ಯಾರಿಗೆ ಕೊಡ್ತೀರಿ?"

ಯಾರಿಗೂ ಕೊಡುವುದಿಲ್ಲ.

"60 ಪರ್ಸೆಂಟ್! 1200 ಮಿಲಿಗ್ರಾಂ! ಎರಡೂವರೆಯಿಂದ ಗುಣಿಸಿ, ಮೂರು ಗ್ರಾಂ ಉಪ್ಪು!" ದನಿ ಇಡೀ ಸಾಲಿಗೆ ಕೇಳಿಸಿತು. ಹಿಂದೆ ಕಾಯುತ್ತಿದ್ದ ಹೆಂಗಸೊಬ್ಬರು ತಮ್ಮ ಗಾಡಿಯಿಂದ ಅದೇ ಮಿಕ್ಸ್ಚರನ್ನು ಮೆಲ್ಲಗೆ ತೆಗೆದು ಸೋಪುಗಳ ನಡುವೆ ಇಟ್ಟು ನಡೆದುಬಿಟ್ಟರು.

ಮಗ ಅಮೆರಿಕದಿಂದ ಚಿಪ್ಸ್ ತಂದ ದಿನ ಭಾವನಿಗೆ ಹಬ್ಬ. ಅಲ್ಲಿನ ಲೇಬಲ್ಲಿಗೆ ಸೋಡಿಯಂ ಲೆಕ್ಕ 2300 ಮಿಲಿಗ್ರಾಂ. "ಇದೇ 240 ಅಲ್ಲಿ 10 ಪರ್ಸೆಂಟು, ಇಲ್ಲಿ 12. ವಿಮಾನ ಹತ್ತಿದ್ರೆ ಉಪ್ಪು ಕಮ್ಮಿಯಾಗತ್ತೆ ನೋಡಿ!" ತಮ್ಮ ಜೋಕಿಗೆ ತಾವೇ ಮೊದಲು ನಕ್ಕರು. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವನನ್ನು ಅವರು ತಡೆದು ನಿಲ್ಲಿಸಿದ ಕತೆ ಬೇಡ. ಬೀಗರು ಇನ್ನೂ ಮಾತಾಡಿಸುತ್ತಿಲ್ಲ.

ಆದರೂ ಅಂಗಡಿಯಲ್ಲಿ ವಯಸ್ಸಾದವರು ಯಾರಾದರೂ ಇರುವೆಯಂಥ ಇಂಗ್ಲಿಷ್ ಅಕ್ಷರದ ಮುಂದೆ ತಬ್ಬಿಬ್ಬಾಗಿ ನಿಂತರೆ, ಭಾವ ತಾವಾಗಿ ಹೋಗಿ ಸಕ್ಕರೆ ಎಷ್ಟು ಚಮಚ ಎಂದು ಬಿಡಿಸಿ ಹೇಳುತ್ತಾರೆ. ಆಗ ದನಿ ಏರುವುದಿಲ್ಲ.

ಅವರ ಅಡುಗೆಮನೆಯಲ್ಲಿ ಒಂದು ಹಳೆಯ ಬ್ಯಾಂಕ್ ಡೈರಿ ಇದೆ. ಪುಟಕ್ಕೆ ಎರಡು ಕಲಂ, ಒಂದು ತಮಗೆ, ಒಂದು ಅತ್ತಿಗೆಗೆ. ಲೇಬಲ್ಲಿನ 2000 ಕ್ಯಾಲರಿ ಎಲ್ಲರಿಗೂ ಹೊಂದುವುದಿಲ್ಲವಂತೆ. ಕೂತು ಕೆಲಸ ಮಾಡುವ ಗಂಡಸಿಗೆ 2110, ಹೆಂಗಸಿಗೆ 1660 ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ. "165 ಕ್ಯಾಲರಿ ನನಗೆ 8 ಪರ್ಸೆಂಟು, ನಿಮ್ಮತ್ತಿಗೆಗೆ 10." ಭಾವನ ಕಲಂನಲ್ಲಿ ಬರೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಅತ್ತಿಗೆಯ ಕಲಂನಲ್ಲಿ ಒಂದು ದಿನವೂ ಖಾಲಿಯಿಲ್ಲ. ಅತ್ತಿಗೆಗೆ ಬಿಪಿ ಇದೆ, ಉಪ್ಪು ಕಮ್ಮಿ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಈ ಡೈರಿ ಶುರುವಾದದ್ದು ಆಮೇಲೆ.

ಹೋದ ಭಾನುವಾರ ಊಟಕ್ಕೆ ಕೂತಾಗ ಅತ್ತಿಗೆ ಸಾಗರದಿಂದ ಬಂದ ಅಪ್ಪೆಮಿಡಿಯ ಭರಣಿ ತೆರೆದರು. ಲೇಬಲ್ ಇಲ್ಲ. ಭಾವ ಭರಣಿಯನ್ನು ಸುತ್ತ ತಿರುಗಿಸಿ ನೋಡಿದರು.

"ಇದರ ಸರ್ವಿಂಗ್ ಎಷ್ಟೇ?"

"ಒಂದು ಮಿಡಿ," ಎಂದು ಅತ್ತಿಗೆ ಅವರ ತಟ್ಟೆಗೂ ಒಂದು ಹಾಕಿದರು. "ಬರ್ಕೊಳ್ಳಿ."