ಮೇಲ್ ಐಡಿ ಮೀಮಾಂಸೆ

ಪದವಿ ಮುಗಿಸಿದವರ ಬಯೋಡೇಟಾದಲ್ಲಿ ಅಂಕಗಳಿಗೂ ಮೊದಲು, ಹೆಸರಿನ ಕೆಳಗೇ ಕಣ್ಣಿಗೆ ಬೀಳುವುದು ಇಮೇಲ್ ವಿಳಾಸವಾದ್ದರಿಂದ, ಉದ್ಯೋಗಾರ್ಥಿಗಳ ಸ್ವಭಾವವನ್ನು ಅಭ್ಯಸಿಸುವವರಿಗೆ ಅದು ಶಾಸನದಷ್ಟೇ ನಂಬಲರ್ಹವಾದ ಆಕರವಾಗಿದೆ. ಈ ವಿಳಾಸಕ್ಕೆ ಎರಡು ಅಂಗಗಳಿದ್ದು, 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ ಆಯ್ದುಕೊಂಡ ‘ಅಟ್’ ಚಿಹ್ನೆ ಅವುಗಳ ನಡುವೆ ನಿಲ್ಲುತ್ತದೆ. ಬಲಕ್ಕಿರುವ ಡೊಮೈನ್, ಅಂದರೆ ಪತ್ರಗಳನ್ನು ಪಡೆದು ಕಾಯ್ದಿಡುವ ವ್ಯವಸ್ಥೆಯ ಹೆಸರು, ಸಾಮಾನ್ಯವಾಗಿ ನಿರಪಾಯಕಾರಿ. ಮಾನ ಹೋಗುವುದೆಲ್ಲ ಎಡಭಾಗದಲ್ಲಿ.

ಅದಕ್ಕೆ ಕಾರಣ ಆ ಎಡಭಾಗ ಹುಟ್ಟಿದ ಗಳಿಗೆ. ಮೊದಲ ಸ್ಮಾರ್ಟ್‌ಫೋನ್ ಕೈಗೆ ಬಂದ ದಿನ ಆ್ಯಪ್ ಇಳಿಸಿಕೊಳ್ಳಲು ಖಾತೆಯೊಂದು ಬೇಕಾಗುತ್ತದೆ. ಪಿಯುಸಿ ಹುಡುಗ ‘ರೌಡಿ’, ‘ಕಿಂಗ್’ ಮುಂತಾದ ಬಿರುದನ್ನು ತಾನೇ ಪ್ರದಾನ ಮಾಡಿಕೊಂಡು, ಕೊನೆಗೆ 143 ಸೇರಿಸುತ್ತಾನೆ. ಪ್ರೇಮನಿವೇದನೆಯ ಮೂರು ಇಂಗ್ಲಿಷ್ ಪದಗಳ ಅಕ್ಷರಗಳ ಎಣಿಕೆಯಾದ ಈ ಸಂಖ್ಯೆ ಕೆಲವೇ ವರ್ಷಗಳಲ್ಲಿ ಎಚ್‌ಆರ್ ಅಧಿಕಾರಿಯ ಮೇಜಿಗೆ ಬಂದಾಗ, ನಿವೇದನೆ ಯಾರಿಗೆಂಬುದು ಇತ್ಯರ್ಥವಾಗದೆ ಉಳಿಯುತ್ತದೆ. 143ರ ಬದಲು 420 ಸೇರಿಸಿದವರದು ಇನ್ನೂ ಸೂಕ್ಷ್ಮ ವಿಚಾರ: ಆ ಸಂಖ್ಯೆಯ ಕಲಮಿನಲ್ಲಿದ್ದ ವಂಚನೆಯ ಅಪರಾಧವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿಗೆ ಸ್ಥಳಾಂತರಗೊಂಡಿದ್ದರೂ, ಸಂದರ್ಶಕರ ಪೀಳಿಗೆ ಇನ್ನೂ ಹಳೆಯ ದಂಡ ಸಂಹಿತೆಯನ್ನೇ ನೆನಪಿಟ್ಟುಕೊಂಡಿದೆ.

ಬುದ್ಧಿ ಬಂದು ಸ್ವಂತ ಹೆಸರಿಗೆ ಮರಳುವವರಿಗೂ ದಾರಿ ಸಲೀಸಲ್ಲ. ಹಳೇ ಮೈಸೂರಿನ ಕಡೆ ಮನೆತನದ ಹೆಸರಿನ ಬದಲು ಊರಿನದೊಂದು, ತಂದೆಯದೊಂದು ಇನಿಷಿಯಲ್, ಅಂದರೆ ಮೊದಲಕ್ಷರ, ಇಟ್ಟುಕೊಳ್ಳುವ ರೂಢಿ ಇರುವುದರಿಂದ ಒಂದೇ ಇನಿಷಿಯಲ್‌ಗಳ ಮಂಜುನಾಥರು ಊರೂರಿಗೂ ಇದ್ದು, ಅವರಲ್ಲೊಬ್ಬರು ಆ ವಿಳಾಸವನ್ನು ಎಂದೋ ಹಿಡಿದಿರುತ್ತಾರೆ. ನಡುವೆ ಚುಕ್ಕೆಯಿಟ್ಟು ಪಾರಾಗುವ ಉಪಾಯವೂ ಫಲಿಸದು. ಜಿಮೇಲ್ ಚುಕ್ಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದರಿಂದ, ಚುಕ್ಕೆಯುಳ್ಳ ಮಂಜುನಾಥನಿಗೂ ಇಲ್ಲದ ಮಂಜುನಾಥನಿಗೂ ಅದು ಅಪ್ಪಟ ಅದ್ವೈತವನ್ನೇ ಬೋಧಿಸುತ್ತದೆ. ಅಂಡರ್‌ಸ್ಕೋರನ್ನು, ಅಂದರೆ ಅಕ್ಷರದ ಬುಡದಲ್ಲಿ ಎಳೆಯುವ ಗೆರೆಯನ್ನು, ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹುಟ್ಟಿದ ಇಸವಿ ಸೇರಿಸಿದರೆ ವಯಸ್ಸು ಬಯಲು. ಇನ್ನು ಸೌಮ್ಯಳ ಇಂಗ್ಲಿಷ್ ಕಾಗುಣಿತ ‘ಓ ಯು’ವೋ ‘ಓ ಡಬ್ಲ್ಯು’ವೋ ಎಂಬ ವಿವಾದದಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡೇ ಪರಮ ಪ್ರಮಾಣ; ಶಾಲೆಯ ಗುಮಾಸ್ತರು ಅವಸರದಲ್ಲಿ ಬರೆದ ಅಕ್ಷರವನ್ನು ತಂದೆತಾಯಿಯರೂ ಸುಲಭಕ್ಕೆ ಬದಲಿಸಲಾರರು.

ಇಷ್ಟೆಲ್ಲ ತೊಡಕಿಗೆ ಪರಿಹಾರ ಇನಿಷಿಯಲ್‌ನ ಒಳಗೇ ಮಡಚಿಕೊಂಡಿದೆ. ಸಂಖ್ಯೆಗಳಿಗೆ ಮೊರೆ ಹೋಗುವ ಬದಲು ಮೊದಲಕ್ಷರವನ್ನು ಬಿಡಿಸಿ ‘ಹೊಳಲ್ಕೆರೆ ಮಂಜುನಾಥ’ ಎಂದು ಪೂರ್ತಿ ಬರೆದರೆ, ಜಿಮೇಲ್ ವಿಧಿಸುವ 30 ಅಕ್ಷರಗಳ ಮಿತಿಯೊಳಗೇ ಕೆಲಸ ಮುಗಿಯುವುದಲ್ಲದೆ, ಮಾರ್ಕ್ಸ್ ಕಾರ್ಡಿನಲ್ಲಿ ಒಂಟಿ ಅಕ್ಷರವಾಗಿ ಕುಗ್ಗಿದ್ದ ಊರು ಬೆಂಗಳೂರಿನ ಕಚೇರಿಗಳಲ್ಲಿ ತಲೆಯೆತ್ತುತ್ತದೆ. ಕಾಲೇಜು ಕೊಟ್ಟ ವಿಳಾಸ ಎಷ್ಟೇ ಘನವಾಗಿ ಕಂಡರೂ ಕಾಲೇಜು ಅದನ್ನು ಯಾವಾಗ ಬೇಕಾದರೂ ಮುಚ್ಚಬಹುದಾದ್ದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹೊಸ ವಿಳಾಸ ಬಂದೊಡನೆ ಹಳೆಯದನ್ನು ಅಳಿಸುವುದು ಮಾತ್ರ ದುಡುಕು. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ತಾನೇ ಅಳಿಸಬಹುದಾದ್ದರಿಂದ, ಅಷ್ಟರೊಳಗೆ ಬ್ಯಾಂಕಿನಿಂದ ಹಿಡಿದು ವಿದ್ಯಾರ್ಥಿವೇತನದವರೆಗೆ ಎಲ್ಲ ಕಡತಗಳಲ್ಲೂ ವಿಳಾಸ ಬದಲಿಸಿಕೊಳ್ಳಬೇಕು. ಅಲ್ಲಿಯವರೆಗೆ ಶಿಕ್ಷಣ ಸಾಲದ ಕಂತಿನ ನೋಟಿಸುಗಳು ರೌಡಿಯ ಹೆಸರಿಗೇ ಬರುತ್ತಿರುತ್ತವೆ.